ಸೆಪ್ಟೆಂಬರ್ ಹದಿನಾಲ್ಕರ ಪೆಟ್ಟಿಗೆ

ಆ ವರ್ಷ ಮೊಂಟಾನಾದ ನಮ್ಮ ಊರಿನಲ್ಲಿ ಬಂದೂಕಿನ ತೋಟಾ ಸಿಗದೆ ಜನ ಬಾಯಿ ಬಾಯಿ ಬಿಡುತ್ತಿದ್ದರು. ಅಂಗಡಿಗಳ ಕಪಾಟು ಖಾಲಿ. ಮನೆಯಲ್ಲೇ ತುಂಬಿಕೊಳ್ಳೋಣವೆಂದರೆ ಮದ್ದೂ ಇಲ್ಲ, ಕಿಡಿ ಹೊತ್ತಿಸುವ ಕೇಪೂ ಇಲ್ಲ. ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆ ಶುರುವಾಗಲು ಹತ್ತೇ ದಿನ ಉಳಿದಿತ್ತು. ಆಗ ನೋಡಿ, ಇವರಿಗೆಲ್ಲ ನಮ್ಮ ಮನೆಯ ನೆಲಮಾಳಿಗೆ ನೆನಪಾಯಿತು. ಒಂಬತ್ತು ವರ್ಷ ನಮ್ಮ ಬೀದಿಯತ್ತ ತಲೆ ಹಾಕದವರು ಒಬ್ಬೊಬ್ಬರಾಗಿ ಬಂದು ಬಾಗಿಲು ಬಡಿಯತೊಡಗಿದರು.

ಬಾಗಿಲು ತೆರೆಯುತ್ತಿದ್ದವಳು ನಾನು. ನನ್ನ ಬಾಯಿ ಮೊದಲಿನಿಂದಲೂ ಜೋರು. ಕಬ್ಬಿಣದ ಸಾಮಾನಿನ ಅಂಗಡಿಯವನು ಬಂದು, "ನೆಟ್ಟಿ, ಆರಿನ್ ತುಂಬಿದ್ದು ಒಂದೆರಡು ಪೆಟ್ಟಿಗೆ ಇದ್ರೆ ಕೊಡ್ತೀಯಾ?" ಎಂದು ಹಲ್ಲು ಕಿರಿದ.

"ಆರಿನ್ ತೋಟಾ ಹೊಡೆದ್ರೆ ತಲೆ ಹಾರಿಹೋಗುತ್ತೆ ಅಂತ ಬೇಟೆ ಕ್ಲಬ್ಬಲ್ಲಿ ಹೇಳಿ ನಗಿಸಿದ್ದು ನೀನೇ ತಾನೆ? ಇರೋ ತಲೇನ ಜೋಪಾನ ಮಾಡ್ಕೋ ಹೋಗು" ಎಂದು ಬಾಗಿಲು ಹಾಕಿದೆ. ಹಾಗೆ ಬಾಗಿಲು ಹಾಕುವಾಗ ನನ್ನ ಹೊಟ್ಟೆ ಎಷ್ಟು ತಣ್ಣಗಾಯಿತೆಂದರೆ, ಇನ್ನಿಬ್ಬರು ಬರಲಿ ಎಂದು ಕಿಟಕಿಯ ಬಳಿಯೇ ಕುರ್ಚಿ ಹಾಕಿಕೊಂಡು ಕೂತೆ.

ಆರಿನ್ ನನ್ನ ಗಂಡ. ಇಪ್ಪತ್ತೈದು ವರ್ಷ ಅವನು ನೆಲಮಾಳಿಗೆಯ ಬೆಂಚಿನ ಮುಂದೆ ಕೂತು ತೋಟಾ ತುಂಬಿದವನು. ಹಾರಿಸಿದ ಹಿತ್ತಾಳೆಯ ಕೊಳವೆಗಳನ್ನು ಹೆಕ್ಕಿ ತಂದು, ತೊಳೆದು, ಒಣಗಿಸಿ, ಹೊಸ ಕೇಪು ಕೂರಿಸಿ, ಮದ್ದು ತೂಗಿ ಹಾಕಿ, ಗುಂಡು ಒತ್ತಿ, ಸೈನ್ಯದವರ ಹಸಿರು ತಗಡಿನ ಪೆಟ್ಟಿಗೆಗಳಲ್ಲಿ ಮುಚ್ಚಿಡುತ್ತಿದ್ದ. ಮುಚ್ಚಳಕ್ಕೆ ರಬ್ಬರಿನ ಅಂಚು, ಒಳಗೆ ತೇವ ಹೀರುವ ಪೊಟ್ಟಣ, ಹೊರಗೊಂದು ಚೀಟಿ, ಒಳಗೊಂದು ಚೀಟಿ. ಎರಡರಲ್ಲೂ ತುಂಬಿದ ದಿನ, ಮದ್ದಿನ ಹೆಸರು, ತೂಕ ಎಲ್ಲವೂ ಇರಬೇಕು. ಮದ್ದಿನ ಡಬ್ಬಿಗಳು ಒಲೆಯಿಂದ ದೂರದ ಮರದ ಬೀರುವಿನಲ್ಲಿ, ಕೇಪುಗಳು ಇನ್ನೊಂದು ಗೋಡೆಗೆ. ಬೆಂಚಿನ ಮೇಲೆ ಯಾವತ್ತೂ ಒಂದೇ ಮದ್ದಿನ ಡಬ್ಬಿ ಇರಬೇಕು, ಎರಡನೆಯದು ಬರಕೂಡದು. ನಾನು ಕಾಫಿ ಲೋಟ ತಂದಿಟ್ಟರೂ "ಇಲ್ಲಿ ಬೇಡ ನೆಟ್ಟಿ" ಎನ್ನುತ್ತಿದ್ದ. ಅಂಥ ಮನುಷ್ಯನನ್ನು ಊರು ಅಜಾಗರೂಕ ಎಂದಿತು.

ಆದದ್ದು ಇಷ್ಟು. ನಮ್ಮ ಮಗಳು ಮಾರ್ಲಿಸ್‌ಗೆ ಆಗ ಹದಿನಾಲ್ಕು ವರ್ಷ. ಅವಳ ಭುಜಕ್ಕೆ ಪೆಟ್ಟಾಗಬಾರದೆಂದು ಆರಿನ್ ಅವಳಿಗೋಸ್ಕರ ಹಗುರ ತೋಟಾ ತುಂಬುತ್ತಿದ್ದ; ಕೊಳವೆಯ ಅರ್ಧಕ್ಕೂ ಬಾರದಷ್ಟು ಮದ್ದು. ಸೆಪ್ಟೆಂಬರ್ ಕೊನೆಯ ಭಾನುವಾರ ಜಲ್ಲಿ ತೆಗೆದ ಹಳ್ಳದಲ್ಲಿ ಗುರಿ ನೋಡುತ್ತಿದ್ದರು. ಮೂರು ಗುಂಡು ಸರಿಯಾಗಿ ಹೋದವು. ನಾಲ್ಕನೆಯದಕ್ಕೆ ರೈಫಲ್ ಅವಳ ಕೆನ್ನೆಯ ಪಕ್ಕದಲ್ಲೇ ಸಿಡಿಯಿತು. ಬಲಗಣ್ಣು ಹೋಯಿತು.

ನಾವು ಮಗಳನ್ನು ಕರೆದುಕೊಂಡು ಬಿಲ್ಲಿಂಗ್ಸ್‌ನ ಆಸ್ಪತ್ರೆಯಲ್ಲಿದ್ದೆವು. ಆಗ ಡೆಲ್ಬರ್ಟ್ ನಮ್ಮ ಮನೆಗೆ ಬಂದು, ಉಳಿದ ತೋಟಾಗಳಲ್ಲಿ ಐದನ್ನು ಬಿಚ್ಚಿ, ಕ್ಲಬ್ಬಿನವರ ಮುಂದೆ ಮದ್ದು ತೂಗಿದ. ಡೆಲ್ಬರ್ಟ್ ಅಂದರೆ ಆರಿನ್‌ನ ಇಪ್ಪತ್ತು ವರ್ಷದ ಸ್ನೇಹಿತ. ಐದರ ತೂಕವೂ ಸರಿಯಾಗಿತ್ತು. "ಅಂದ್ರೆ ಒಂದಕ್ಕೆ ಮಾತ್ರ ಎರಡು ಸಲ ಮದ್ದು ಬಿದ್ದಿದೆ. ಅರ್ಧ ತುಂಬೋ ತೋಟಾದಲ್ಲಿ ಎರಡನೇದು ಆರಾಮಾಗಿ ಹಿಡಿಯುತ್ತೆ, ಕಣ್ಣಿಗೂ ಕಾಣಲ್ಲ. ಪಾಪ, ಆರಿನ್ ಏನೋ ಯೋಚನೆಯಲ್ಲಿದ್ದ" ಎಂದ. ಎಲ್ಲರೂ ತಲೆದೂಗಿದರು. ಆರಿನ್ ಮೊದಲ ವಾರ "ನಾನು ಹಾಗೆ ಮಾಡಿಲ್ಲ" ಎಂದ. ಎರಡನೆಯ ವಾರ "ಮಾಡಿದೆನೇನೋ" ಎಂದ. ಮೂರನೆಯ ವಾರದಿಂದ ಏನೂ ಹೇಳಲಿಲ್ಲ. ಬೀರುವಿನಲ್ಲಿದ್ದ ಮದ್ದನ್ನೆಲ್ಲ ಹೊಲದಲ್ಲಿ ಚೆಲ್ಲಿ ಬಂದ. ಮಕ್ಕಳಿಗೆ ಬೇಟೆಯ ಪಾಠ ಹೇಳಿಕೊಡುತ್ತಿದ್ದವನನ್ನು ಕ್ಲಬ್ಬು ಕೈಬಿಟ್ಟು ಆ ಕೆಲಸವನ್ನು ಡೆಲ್ಬರ್ಟ್‌ಗೆ ಕೊಟ್ಟಿತು.

ಅವತ್ತಿನಿಂದ ಆರಿನ್ ನೆಲಮಾಳಿಗೆಯ ಮೆಟ್ಟಿಲು ಇಳಿದಿಲ್ಲ. ಊಟದ ಮೇಜಿನಲ್ಲಿ ಮಗಳ ಎದುರು ಕೂರುವುದಿಲ್ಲ, ಪಕ್ಕದಲ್ಲಿ ಕೂರುತ್ತಾನೆ. ಉಪ್ಪು ಕೊಡು ಎನ್ನಬೇಕಾದರೂ ತಟ್ಟೆ ನೋಡಿಕೊಂಡೇ ಕೇಳುತ್ತಾನೆ. ಮಾರ್ಲಿಸ್ ದನದ ಮೇವಿನ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು, ಗಟ್ಟಿ ಹುಡುಗಿ, ನಗುತ್ತಾಳೆ. ಅಪ್ಪ ಮಾತ್ರ ಅವಳಿಗೆ ಸಿಗಲಿಲ್ಲ. ನೆಲಮಾಳಿಗೆಯ ಪೆಟ್ಟಿಗೆಗಳನ್ನು ಒರೆಸಿ, ತೇವ ಹೀರುವ ಪೊಟ್ಟಣ ಬದಲಿಸಿ ಕಾಪಾಡಿದವಳು ನಾನು. ನನ್ನ ಗಂಡ ಎಷ್ಟು ಅಚ್ಚುಕಟ್ಟಿನವನು ಎಂಬುದಕ್ಕೆ ಆ ಚೀಟಿಗಳ ಅಕ್ಷರ ಬಿಟ್ಟರೆ ನನ್ನ ಬಳಿ ಬೇರೆ ಸಾಕ್ಷಿ ಇರಲಿಲ್ಲ.

ಮಂಗಳವಾರ ಮಧ್ಯಾಹ್ನ ಡೆಲ್ಬರ್ಟ್ ಬಂದ. ಅವನಿಗೂ ಬಾಗಿಲು ಹಾಕುತ್ತಿದ್ದೆ, ಆದರೆ ಅಡುಗೆಮನೆಯಲ್ಲಿದ್ದ ಆರಿನ್ ದನಿ ಗುರುತಿಸಿ "ಒಳಗೆ ಕರಿ ನೆಟ್ಟಿ" ಎಂದ.

"ನನ್ನ ಮೊಮ್ಮಗಳು ಟೆಸ್‌ಗೆ ಹನ್ನೆರಡಾಯ್ತು ಆರಿನ್," ಎಂದು ಡೆಲ್ಬರ್ಟ್ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. "ಮೊದಲನೇ ಬೇಟೆ. ಹಗುರ ತೋಟಾ ಎಲ್ಲೂ ಸಿಗ್ತಿಲ್ಲ. ನೀನು ಮಾರ್ಲಿಸ್‌ಗೆ ಅಂತ ತುಂಬಿದ್ದು ಏನಾದ್ರೂ ಉಳಿದಿದ್ರೆ..."

ನನಗೆ ಮೈಯೆಲ್ಲ ಉರಿದುಹೋಯಿತು. "ಎಂಥ ಧೈರ್ಯ ನಿಂಗೆ," ಎಂದೆ. "ಈ ಮನೇಲಿ ಕೂತ್ಕೊಂಡು ಅದನ್ನ ಕೇಳ್ತಿದ್ದೀಯಲ್ಲ."

"ಕೊಡು ನೆಟ್ಟಿ," ಎಂದ ಆರಿನ್, ಕಾಫಿ ಲೋಟ ನೋಡುತ್ತ. "ಬಿಚ್ಚಿ ನೋಡಿ ತೂಗಿದವನು ಅವನೇ ಅಲ್ವಾ. ಅವನಿಗಿಲ್ಲದ ಭಯ ನಿನಗ್ಯಾಕೆ?"

ಡೆಲ್ಬರ್ಟ್‌ನನ್ನು ಕರೆದುಕೊಂಡು ನೆಲಮಾಳಿಗೆಗೆ ಇಳಿದೆ. ಮಾರ್ಲಿಸ್‌ಳ ಹೆಸರಿನ ಪೆಟ್ಟಿಗೆಗಳು ಮೂರೇ ಮೂರು, ಮೆಟ್ಟಿಲ ಕೆಳಗೆ ಒಂದರ ಪಕ್ಕ ಒಂದು ಇದ್ದವು. ಮೇ ಇಪ್ಪತ್ತು, ಜುಲೈ ಮೂರು, ಸೆಪ್ಟೆಂಬರ್ ಹದಿನಾಲ್ಕು. ಡೆಲ್ಬರ್ಟ್ ಕನ್ನಡಕ ಹಾಕಿಕೊಂಡು ಚೀಟಿ ಓದಿದ. ಮೇ ಪೆಟ್ಟಿಗೆ ಎತ್ತಿಟ್ಟುಕೊಂಡ. ಜುಲೈದೂ ಎತ್ತಿಟ್ಟುಕೊಂಡ. ಸೆಪ್ಟೆಂಬರಿನದನ್ನು ಓದಿ ಕೈ ಹಿಂದೆಗೆದುಕೊಂಡ.

"ಅದನ್ನೂ ತಗೋ," ಎಂದೆ. "ಅದೇ ಗುಂಡು, ಅದೇ ಮದ್ದು, ಅದೇ ತೂಕ."

"ಅದು ಆ ದಿನದ್ದಲ್ವಾ ನೆಟ್ಟಿ. ಬೇಡ. ಇನ್ನೂ ಯಾಕೆ ಇಟ್ಕೊಂಡಿದ್ದೀಯ ಇದನ್ನ? ಆವತ್ತೇ ಹೇಳಿದ್ದೆ, ನಂಗೆ ಕೊಡು ಎಸೆದು ಬರ್ತೀನಿ ಅಂತ."

"ಒಂದಕ್ಕೆ ಮಾತ್ರ ಎರಡು ಸಲ ಮದ್ದು ಬಿದ್ದಿತ್ತು, ಆ ಒಂದು ಸಿಡಿದುಹೋಯ್ತು, ಮಿಕ್ಕಿದ್ದೆಲ್ಲ ಸರಿ ಅಂತ ನೀನೇ ಹೇಳಿದ್ದೆ."

"ಹೌದು. ಸರಿಯಾಗೇ ಇದೆ. ಆದ್ರೂ ಬೇಡ," ಎಂದು ಎರಡು ಪೆಟ್ಟಿಗೆ ಅವಚಿಕೊಂಡು ಸರಸರ ಮೆಟ್ಟಿಲು ಹತ್ತಿದ. ಎರಡು ಮೆಟ್ಟಿಲಿಗೊಮ್ಮೆ ನಿಲ್ಲುವ ಮೊಣಕಾಲು ನೋವಿನವನು ಅವನು.

ಅವನು ಹೋದ ಮೇಲೆ ನಾನು ಆ ಪೆಟ್ಟಿಗೆಯ ಮುಂದೆ ನಿಂತೇ ಇದ್ದೆ. ಆರಿನ್ ಕೈತಪ್ಪಿ ಒಂದಕ್ಕೆ ಎರಡು ಸಲ ಸುರಿದಿದ್ದರೆ, ಆ ತಪ್ಪು ಮೇ ತಿಂಗಳಲ್ಲೂ ಆಗಿರಬಹುದು, ಜುಲೈನಲ್ಲೂ ಆಗಿರಬಹುದು. ಕೈಯನ್ನು ನಂಬದವನು ಮೂರೂ ಪೆಟ್ಟಿಗೆ ಬಿಟ್ಟು ಹೋಗಬೇಕಿತ್ತು. ಇವನು ಎರಡು ಪೆಟ್ಟಿಗೆಯನ್ನು ಸ್ವಂತ ಮೊಮ್ಮಗಳಿಗೆ ಕೊಡಲು ಹಿಂಜರಿಯಲಿಲ್ಲ. ಒಂದನ್ನು ಮುಟ್ಟಲೂ ಹೆದರಿದ. ಅವನ ಅನುಮಾನ ಆರಿನ್‌ನ ಕೈಯ ಮೇಲಲ್ಲ, ಆ ವಾರದ ಮದ್ದಿನ ಮೇಲೆ.

ಆರಿನ್‌ನ ತೋಟಾ ಲೆಕ್ಕದ ದಪ್ಪ ಪುಸ್ತಕ ತೆಗೆದೆ. ಸೆಪ್ಟೆಂಬರ್ ಹನ್ನೊಂದು, ಹನ್ನೆರಡು: "ಅಣ್ಣನ ಹುಲ್ಲು ಕೊಯ್ಲಿಗೆ ಹೋಗಿದ್ದೆ. ಬೆಂಚು ಡೆಲ್ಬರ್ಟ್ ಬಳಸಿದ, ಪಿಸ್ತೂಲಿನ ತೋಟಾ." ನೆನಪಾಯಿತು. ಡೆಲ್ಬರ್ಟ್‌ನ ಗ್ಯಾರೇಜಿನ ಚಾವಣಿ ಸೋರುತ್ತಿತ್ತು. ಎರಡು ಮಧ್ಯಾಹ್ನ ಇಲ್ಲೇ ಕೂತಿದ್ದ. ನಾನೇ ಅವನಿಗೆ ಸೇಬಿನ ಕಡುಬು ಕೆಳಗೆ ಒಯ್ದು ಕೊಟ್ಟಿದ್ದೆ.

ಸೆಪ್ಟೆಂಬರ್ ಪೆಟ್ಟಿಗೆಯ ಒಂದು ತೋಟಾವನ್ನು ಸುತ್ತಿಗೆಯಂಥ ಸಾಧನದೊಳಗೆ ಸಿಕ್ಕಿಸಿ, ನೆಲಕ್ಕೆ ಕುಟ್ಟಿ ಗುಂಡು ಕಳಚಿ, ಮದ್ದನ್ನು ಬಿಳಿ ತಟ್ಟೆಗೆ ಸುರಿದೆ. ಇಪ್ಪತ್ತೈದು ವರ್ಷ ನೋಡಿದವಳಿಗೆ ಅಷ್ಟು ಬರದೆ ಇರುತ್ತದೆಯೇ. ನನ್ನ ಬರಿಗಣ್ಣಿಗೆ ಎಲ್ಲ ಒಂದೇ ಬೂದು. ಕಸೂತಿಯ ಭೂತಗನ್ನಡಿ ಹಿಡಿದೆ. ಸಣ್ಣ ಕಡ್ಡಿಯಂಥ ಕಾಳುಗಳ ನಡುವೆ ಚಪ್ಪಟೆ ಬಿಲ್ಲೆಗಳು ಸೇರಿದ್ದವು. ಕಡ್ಡಿಗಳು ರೈಫಲಿನ ಮದ್ದು, ಬಿಲ್ಲೆಗಳು ಪಿಸ್ತೂಲಿನದು. ಅದು ಭರ್ರನೆ ಉರಿಯುವ ಜಾತಿ, ರೈಫಲಿಗೆ ಬಿದ್ದರೆ ರೈಫಲನ್ನೇ ಸಿಡಿಸುತ್ತದೆ. ಕೆಲಸ ಮುಗಿಸಿದ ಮೇಲೆ ಮದ್ದು ಅಳೆಯುವ ಯಂತ್ರದ ಬುಡ್ಡಿಯಲ್ಲಿ ಉಳಿದದ್ದನ್ನು ಡೆಲ್ಬರ್ಟ್ ತನ್ನ ಡಬ್ಬಿಗೆ ಸುರಿಯುವ ಬದಲು ಆರಿನ್‌ನ ಡಬ್ಬಿಗೆ ಸುರಿದು ಹೋಗಿದ್ದ. ಎರಡು ದಿನದ ಮೇಲೆ ಆರಿನ್ ಅದೇ ಡಬ್ಬಿಯಿಂದ ಮಗಳ ತೋಟಾ ತುಂಬಿದ. ಒಂದರಲ್ಲಿ ಕಮ್ಮಿ, ಇನ್ನೊಂದರಲ್ಲಿ ಜಾಸ್ತಿ ಬೆರೆತದ್ದರಿಂದ ಮೂರು ಸರಿಯಾಗಿ ಹೋಗಿ ನಾಲ್ಕನೆಯದು ಸಿಡಿದಿತ್ತು. ತಪ್ಪು ಯಾರಿಗಾದರೂ ಆಗುತ್ತದೆ, ಅದನ್ನು ನಾನು ನುಂಗಿಕೊಳ್ಳುತ್ತಿದ್ದೆ. ಆದರೆ ಅವತ್ತು ತಕ್ಕಡಿಯ ತಟ್ಟೆಯಲ್ಲಿ ತನ್ನದೇ ಮದ್ದಿನ ಬಿಲ್ಲೆಗಳನ್ನು ಆ ಪಳಗಿದ ಕಣ್ಣು ಗುರುತಿಸಿದೆ. ತೂಗಿದ ಕೂಡಲೇ ಅಂಗಳದ ಹುಲ್ಲಿಗೆ ಚೆಲ್ಲಿದನೆಂದು ನೆರೆಯವರು ಹೇಳಿದ್ದರು. ಎಷ್ಟು ಎಚ್ಚರಿಕೆಯ ಮನುಷ್ಯ ಎಂದು ನಾನು ಆಗ ಅವನಿಗೆ ಕೈಮುಗಿಯುವುದೊಂದು ಬಾಕಿ ಇತ್ತು.

ಪಾತ್ರೆ ತೊಳೆಯುತ್ತ ನನ್ನ ತಲೆಗೆ ಏನೇನು ಬಂತೆಂದು ಹೇಳಲು ನಾಚಿಕೆಯಿಲ್ಲ. ಇದು ಒಂದು ಗಂಟೆ ಮೊದಲೇ ಗೊತ್ತಿದ್ದಿದ್ದರೆ, ಮೇ ಚೀಟಿಯ ಪೆಟ್ಟಿಗೆಯಲ್ಲಿ ಸೆಪ್ಟೆಂಬರಿನ ತೋಟಾ ಹಾಕಿ ಕಳಿಸುತ್ತಿದ್ದೆನೇ? ಕಣ್ಣಿಗೆ ಕಣ್ಣು. ಆ ಟೆಸ್ ಮಗುವಿನ ಮುಖ ಕಣ್ಣ ಮುಂದೆ ಬಂತು, ಬೇಡ ಎನಿಸಿತು. ಆದರೆ ಬೇಡ ಎನ್ನಿಸಲು ನಾಲ್ಕು ತಟ್ಟೆ ತೊಳೆಯುವಷ್ಟು ಹೊತ್ತು ಹಿಡಿಯಿತು.

ಆರಿನ್‌ಗೆ ಹೇಳಲಿಲ್ಲ. ಹೇಳಿದ್ದರೆ ಅವನು ಡೆಲ್ಬರ್ಟ್‌ನನ್ನು ಇದೇ ಅಡುಗೆಮನೆಗೆ ಕರೆಸಿ, ಕಾಫಿ ಕೊಟ್ಟು, ಆಯ್ತು ಬಿಡು ಎಂದು ಬೆನ್ನು ತಟ್ಟಿ ಕಳಿಸುತ್ತಿದ್ದ. ಅಷ್ಟು ಅಗ್ಗಕ್ಕೆ ಬಿಡುವವಳು ನಾನಲ್ಲ. ಯಾರ ಮುಂದೆ ನನ್ನ ಗಂಡನ ಮಾನ ತೆಗೆದನೋ ಅವರ ಮುಂದೆಯೇ, ಅವನದೇ ಬಾಯಿಂದ ಬರಬೇಕಿತ್ತು. ಮಂಗಳವಾರದಿಂದ ಶನಿವಾರದವರೆಗೆ ನಾನು ಚೆನ್ನಾಗಿ ಉಂಡೆ, ಚೆನ್ನಾಗಿ ನಿದ್ದೆ ಮಾಡಿದೆ.

ಶನಿವಾರ ಕ್ಲಬ್ಬಿನ ಮೈದಾನದಲ್ಲಿ ಗುರಿ ಸರಿಮಾಡಿಕೊಳ್ಳುವ ದಿನ. ಬೇಟೆಗೆ ಮುಂಚೆ ಊರೆಲ್ಲ ಅಲ್ಲೇ ಸೇರುತ್ತದೆ. ಹೆಂಗಸರು ದೊಡ್ಡ ಪಾತ್ರೆಯಲ್ಲಿ ಖಾರದ ಬೀನ್ಸ್ ಕಾಳು ಬೇಯಿಸಿ, ಜೋಳದ ರೊಟ್ಟಿ ಜೊತೆ ಹಂಚುತ್ತಾರೆ. ಮಾರ್ಲಿಸ್ ಹುಟ್ಟು ಹಿಡಿದು ನಿಂತಿದ್ದಳು. ಆರಿನ್‌ನನ್ನು ಹೇಗೋ ಹೊರಡಿಸಿದ್ದೆ. ಅವನು ಗಾಡಿಯಿಂದ ಇಳಿಯದೆ ಕಿಟಕಿ ಇಳಿಸಿಕೊಂಡು ಕೂತಿದ್ದ. ಡೆಲ್ಬರ್ಟ್ ಕಿತ್ತಳೆ ಬಣ್ಣದ ಅಂಗಿ ಹಾಕಿ ಎಲ್ಲರಿಗೂ ಅಪ್ಪಣೆ ಕೊಡುತ್ತ ಓಡಾಡುತ್ತಿದ್ದ. ಟೆಸ್ ಒಂದು ಬೆಂಚಿನ ಮುಂದೆ ಕೂತು ರೈಫಲಿನ ದುರ್ಬೀನಿಗೆ ಬಲಗಣ್ಣು ಇಟ್ಟಿದ್ದಳು. ಪಕ್ಕದಲ್ಲಿ ಮೇ ಇಪ್ಪತ್ತರ ಪೆಟ್ಟಿಗೆ.

ಗುಂಡು ಹಾರಿಸುವುದು ನಿಂತು ಎಲ್ಲರೂ ಗುರಿಹಲಗೆ ನೋಡಲು ಹೋಗಿ ಬಂದ ಹೊತ್ತು ನೋಡಿ, ಸೆಪ್ಟೆಂಬರಿನ ಪೆಟ್ಟಿಗೆಯನ್ನು ಟೆಸ್‌ಳ ಬೆಂಚಿನ ಮೇಲೆ ದಪ್ಪನೆ ಇಟ್ಟೆ.

"ಡೆಲ್ಬರ್ಟ್, ನೀನು ಇದನ್ನ ಮರೆತು ಬಂದಿದ್ದೆ."

ಚೀಟಿ ನೋಡಿ ಅವನ ಮುಖ ಹುಳ್ಳಗಾಯಿತು. "ಬೇಡ ಅಂದಿದ್ನಲ್ಲ ನೆಟ್ಟಿ."

"ಯಾಕೆ ಬೇಡ? ಇಲ್ಲಿರೋರೆಲ್ಲ ಸಾಕ್ಷಿ, ನೀನೇ ತೂಗಿ ಸರಿ ಇದೆ ಅಂದಿದ್ದೆ. ಮಗುಗೆ ಬೇಡ, ನೀನೇ ಒಂದು ಹೊಡಿ. ಒಂದೇ ಒಂದು. ಹೊಡೆದ್ರೆ ನಮ್ಮ ನೆಲಮಾಳಿಗೇಲಿ ಇರೋದನ್ನೆಲ್ಲ ಇವತ್ತೇ ಊರಿಗೆ ಹಂಚ್ತೀನಿ."

ಜನ ಹತ್ತಿರ ಬಂದರು. ಬರದೆ ಇರುತ್ತಾರೆಯೇ, ಬರಗಾಲದಲ್ಲಿ ಅನ್ನ ಎಂದ ಹಾಗಾಯಿತು. "ಹೊಡೀ ಡೆಲ್ಬರ್ಟ್, ಪುಣ್ಯ ಕಟ್ಕೋ" ಎಂದ ಕಬ್ಬಿಣದಂಗಡಿಯವನು.

"ಬೇರೆಯವರು ತುಂಬಿದ ತೋಟಾ ಹೊಡೀಬಾರ್ದು," ಎಂದ ಡೆಲ್ಬರ್ಟ್. "ಅದು ನಿಯಮ. ಮಕ್ಕಳಿಗೆ ನಾನೇ ಹೇಳಿಕೊಡೋದು."

"ಹಾಗಾದ್ರೆ ನಿನ್ನ ಮೊಮ್ಮಗಳು ಬೆಳಗ್ಗಿಂದ ಯಾರು ತುಂಬಿದ್ದು ಹೊಡೀತಿದ್ದಾಳೆ?"

ಅವನು ಮೇ ಪೆಟ್ಟಿಗೆಯ ಚೀಟಿಯ ಮೇಲೆ ಅಂಗೈ ಇಟ್ಟು ಮುಚ್ಚಿದ. ಆಹಾ, ಆ ಕ್ಷಣದ ರುಚಿ ನನಗೆ ಇನ್ನೂ ನೆನಪಿದೆ. ಒಂಬತ್ತು ವರ್ಷ ಕಾದದ್ದು ಇದಕ್ಕೇ ಅನ್ನಿಸಿತು.

ಆಗ ನನ್ನ ಲೆಕ್ಕದಲ್ಲಿ ಇಲ್ಲದ್ದು ನಡೆಯಿತು. ಗಾಡಿಯ ಬಾಗಿಲು ತೆರೆದ ಸದ್ದು ಕೇಳಿತು. ಆರಿನ್ ಇಳಿದು ಬಂದ.

"ಸಾಕು ಮಾಡು ನೆಟ್ಟಿ," ಎಂದ. "ಮಾಡಿದವನು ನಾನು, ಹೊಡೆಯೋನೂ ನಾನೇ. ಅವನನ್ನ ಯಾಕೆ ಗೋಳು ಹೊಯ್ಕೋತೀಯ." ಪೆಟ್ಟಿಗೆ ತೆರೆದು ಒಂದು ತೋಟಾ ತೆಗೆದುಕೊಂಡ. ಟೆಸ್‌ಳನ್ನು ಮೆಲ್ಲಗೆ ಎಬ್ಬಿಸಿ ಅವಳ ಜಾಗದಲ್ಲಿ ಕೂತ. ತೋಟಾ ಒಳಗೆ ಹೋಯಿತು. ರೈಫಲಿನ ಬೋಲ್ಟು ಮುಚ್ಚಿದ ಸದ್ದಾಯಿತು.

ಅವನ ಪಾಲಿಗೆ ಅದು ತೂಗಿ ನೋಡಿದ ಒಳ್ಳೆಯ ತೋಟಾ. ಅದರೊಳಗೆ ಏನಿದೆಯೆಂದು ಅಲ್ಲಿದ್ದವರಲ್ಲಿ ಇಬ್ಬರಿಗೇ ಗೊತ್ತು. ಒಬ್ಬ ಡೆಲ್ಬರ್ಟ್, ಇನ್ನೊಬ್ಬಳು ನಾನು.

ನಾನು ಆರಿನ್ ಕಡೆ ನೋಡಲಿಲ್ಲ. ಡೆಲ್ಬರ್ಟ್‌ನ ಬಾಯಿಯನ್ನೇ ನೋಡುತ್ತಿದ್ದೆ. ಹೇಳು, ಈಗ ಹೇಳು, ಎಂದು ಒಳಗೊಳಗೇ ಹಲ್ಲು ಕಡಿಯುತ್ತಿದ್ದೆ. ನಾನು ಹೇಳಿಬಿಟ್ಟರೆ ಅವನು ಹೇಳುವುದು ತಪ್ಪಿಹೋಗುತ್ತದೆ. ಆರಿನ್‌ನ ಕೆನ್ನೆ ರೈಫಲಿನ ಮರಕ್ಕೆ ಒರಗಿತು. ಡೆಲ್ಬರ್ಟ್ ತುಟಿ ಪಿಟಕ್ಕೆನ್ನಲಿಲ್ಲ. ಆರಿನ್ ಉಸಿರು ಬಿಟ್ಟ. ಬಂದೂಕಿನ ಕುದುರೆ ಎಳೆಯುವ ಮುಂಚೆ ಹಾಗೆ ಉಸಿರು ಬಿಡಬೇಕೆಂದು ಅವನೇ ಮಕ್ಕಳಿಗೆ ಹೇಳಿಕೊಡುತ್ತಿದ್ದದ್ದು.

"ಇಳಿಸು ಆರಿನ್," ಎಂದ ಡೆಲ್ಬರ್ಟ್. "ಬೆರಳು ತೆಗಿ. ಅದು ನಿನ್ನ ಮದ್ದಲ್ಲ. ನನ್ನ ಪಿಸ್ತೂಲಿನ ಮದ್ದು ಅದರಲ್ಲಿ ಬೆರೆತಿದೆ."

ಆರಿನ್ ಬೆರಳು ತೆಗೆದ. ಬೋಲ್ಟು ಎಳೆದು ತೋಟಾ ಹೊರತೆಗೆದು ಬೆಂಚಿನ ಮೇಲಿಟ್ಟ. ಅವಸರ ಮಾಡಲಿಲ್ಲ.

"ಎಷ್ಟು ದಿನದಿಂದ ಗೊತ್ತು?"

"ತೂಗಿದ ದಿನದಿಂದ. ಹೇಳ್ಬೇಕು ಅಂದ್ಕೊಂಡಿದ್ದೆ. ನೀನು ಆಸ್ಪತ್ರೆಯಿಂದ ಬಂದಾಗ ಹೇಳೋಣ ಅಂತ. ಆಮೇಲೆ ಆಗ್ಲೇ ಇಲ್ಲ."

ಟೆಸ್ ಕಿವಿಯ ಮುಚ್ಚಳ ತೆಗೆದು, "ಏನಾಯ್ತು ತಾತ?" ಎಂದಳು. ಡೆಲ್ಬರ್ಟ್ ಕಿತ್ತಳೆ ಅಂಗಿ ಬಿಚ್ಚಿ ಬೆಂಚಿನ ಮೇಲೆ ಹಾಕಿ ಹೊರಟುಹೋದ. ಮೊಮ್ಮಗಳನ್ನು ಕರೆಯುವುದೂ ಮರೆತ. ಕಬ್ಬಿಣದಂಗಡಿಯವನು ಆರಿನ್‌ನ ಕೈ ಹಿಡಿಯಲು ಬಂದಾಗ ಆರಿನ್ ಕೈ ಕೊಟ್ಟ. ನಾನಾಗಿದ್ದರೆ ಕೊಡುತ್ತಿರಲಿಲ್ಲ.

ಗಾಡಿಯಲ್ಲಿ ಮೂವರೂ ಮುಂದಿನ ಒಂದೇ ಸೀಟಿನಲ್ಲಿ ಕೂತೆವು, ಮಾರ್ಲಿಸ್ ನಡುವೆ. ಆರಿನ್ ಕೀಲಿ ತಿರುಗಿಸಲಿಲ್ಲ. ಮಗಳ ಗಲ್ಲ ಹಿಡಿದು ತನ್ನತ್ತ ತಿರುಗಿಸಿಕೊಂಡು ಬಹಳ ಹೊತ್ತು ನೋಡಿದ. ಗಾಜಿನ ಕಣ್ಣನ್ನೂ ನೋಡಿದ, ಅದರ ಕೆಳಗಿನ ಗಾಯದ ಗುರುತನ್ನೂ ನೋಡಿದ.

"ಚಳಿಗೆ ನೋಯುತ್ತಾ?" ಎಂದು ಕೇಳಿದ.

"ಸ್ವಲ್ಪ, ಅಪ್ಪ. ಜನವರಿಯಲ್ಲಿ ಜಾಸ್ತಿ."

ಗೆದ್ದೆ ಎಂದುಕೊಂಡೆ. ಡೆಲ್ಬರ್ಟ್‌ನ ಹೆಸರು ಮಣ್ಣುಪಾಲಾಯಿತು, ನನ್ನ ಗಂಡ ನನಗೆ ಸಿಕ್ಕಿದ, ಮಗಳಿಗೆ ಅಪ್ಪ ಸಿಕ್ಕಿದ. ಇನ್ನೇನು ಬೇಕು ಎಂದುಕೊಂಡೆ.

"ನಿನಗೆ ಯಾವಾಗ ಗೊತ್ತಾಯ್ತು ನೆಟ್ಟಿ?" ಎಂದ ಆರಿನ್, ಮಗಳ ಮುಖದಿಂದ ಕಣ್ಣು ತೆಗೆಯದೆ.

"ಮಂಗಳವಾರ. ಅವನು ಹೋದ ಮೇಲೆ ಬಿಚ್ಚಿ ನೋಡಿದೆ."

ಅವನು ತಲೆಯಾಡಿಸಿದ. ಅವನದು ಯಾವತ್ತೂ ನಿಧಾನದ ತಲೆ, ಒಂದೊಂದೇ ಹೆಜ್ಜೆ ಇಟ್ಟು ಹೋಗುತ್ತದೆ. "ಹಾಗಾದ್ರೆ ನಾನು ಅದನ್ನ ರೈಫಲ್‌ಗೆ ಹಾಕ್ದಾಗ ನಿನಗೆ ಗೊತ್ತಿತ್ತು."

"ಅವನು ಹೇಳೇ ಹೇಳ್ತಾನೆ ಅಂತ ಗೊತ್ತಿತ್ತು. ಹೇಳದೆ ಇದ್ದಿದ್ರೆ ನಾನು ತಡೀತಿದ್ದೆ," ಎಂದೆ. "ತಡೀದೆ ಇರ್ತಿದ್ನಾ ಆರಿನ್? ಖಂಡಿತ ತಡೀತಿದ್ದೆ."

ಮಾರ್ಲಿಸ್ ಅಪ್ಪನ ಕೈಯನ್ನು ತನ್ನ ಗಲ್ಲದಿಂದ ಬಿಡಿಸಿ, ನನ್ನ ಕಡೆ ತಿರುಗಿದಳು. ಬೀನ್ಸ್ ಪಾತ್ರೆಯ ಬಳಿ ನಿಂತು ಅವಳು ಅಷ್ಟೂ ಹೊತ್ತು ನೋಡುತ್ತಿದ್ದದ್ದು ಅಪ್ಪನನ್ನಲ್ಲ, ನನ್ನನ್ನು.

"ಯಾವಾಗ ಅಮ್ಮ?" ಎಂದಳು. "ಅಪ್ಪ ಉಸಿರು ಬಿಟ್ಟಾಗಿತ್ತು. ಇನ್ನು ಯಾವಾಗ ತಡೀತಿದ್ದೆ?"

ನಾನು ಕಿಟಕಿಯತ್ತ ತಿರುಗಿದೆ. ಆರಿನ್ ಕೀಲಿ ತಿರುಗಿಸಿ ಗಾಡಿಯನ್ನು ಮನೆಯ ಕಡೆ ಬಿಟ್ಟ.